ವಾಟ್ಸಾಪ್‌ಗೆ ಬಂದ ಎಪಿಕೆ ಫೈಲ್ ತೆರೆಯಬಹುದಾ?

'ಪಿಎಂ ಕಿಸಾನ್ ಎಪಿಕೆ' ಅಂತ ಫೈಲ್ ಬಂದಿದೆ, ತೆರೆಯಬಹುದಾ ಅಂತ ಕೇಳಿದ್ದೀರಿ. ಬೇಡ, ಒತ್ತಲೇಬೇಡಿ.

ಎಪಿಕೆ ಅಂದ್ರೆ ಪಿಡಿಎಫ್ ಥರದ ಕಾಗದವಲ್ಲ, ಆಂಡ್ರಾಯ್ಡ್ ಆ್ಯಪ್. ಇಂಥವು ಇನ್‌ಸ್ಟಾಲ್ ಆದ ಕೂಡಲೇ ಎಸ್ಎಂಎಸ್ ಓದಲು ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಒಟಿಪಿ ನೇರ ಕಳ್ಳನ ಕೈಗೆ. 'ಆಕ್ಸೆಸಿಬಿಲಿಟಿ' ಅನ್ನೋ ಅನುಮತಿ ಕೇಳಿದರಂತೂ ಇನ್ನೂ ಅಪಾಯ. ಪರದೆ ಮೇಲಿನದ್ದೆಲ್ಲ ಅದಕ್ಕೆ ಕಾಣುತ್ತದೆ, ನಿಮ್ಮ ಬದಲು ಅದೇ ಬಟನ್ ಒತ್ತಬಲ್ಲದು.

ನಮ್ಮ ಬಾಗಲಕೋಟೆ ಕಡೆ ಈಗ ಲಗ್ನಪತ್ರಿಕೆ ಜಾಸ್ತಿ ವಾಟ್ಸಾಪ್‌ನಲ್ಲೇ ಬರುತ್ತವೆ ಅಲ್ವಾ? ಹೋದ ವರ್ಷ ಸೋದರಮಾವನ ನಂಬರಿನಿಂದಲೇ ಒಂದು ಬಂತು. ಹೆಸರಿನ ಬಾಲದಲ್ಲಿ ಮಾತ್ರ ಎಪಿಕೆ ಅಂತಿತ್ತು. ಅವರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರೇ ಯಾರೂ ಇಲ್ಲ! ಫೋನ್ ಮಾಡಿದೆ. ಪಾಪ, ತಮ್ಮ ನಂಬರಿನಿಂದ ಅದು ಹೋಗಿದ್ದು ಅವರಿಗೇ ಗೊತ್ತಿರಲಿಲ್ಲ. ಹಾಗಾಗಿ ಪರಿಚಯದ ನಂಬರ್ ಅಂತ ಸುಮ್ನೆ ನಂಬಬೇಡಿ.

ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈನೂ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆ್ಯಪ್ ತೆಗೆಯಲು ಬರದಿದ್ದರೆ ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ಸ್ಥಿತಿ) ತೆಗೆದು ನೋಡಿ, ಇಲ್ಲದಿದ್ದರೆ ಫ್ಯಾಕ್ಟರಿ ರಿಸೆಟ್, ಅಂದ್ರೆ ಫೋನಿನಲ್ಲಿರೋದೆಲ್ಲ ಅಳಿಸೋದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.