ಪ್ರದರ್ಶನಕ್ಕೇ ಅವಕಾಶ ಇಲ್ಲದ ಕಲಾವಿದರ ಹೊಟ್ಟೆಪಾಡು?

ಸೋವಿಯತ್ ಕಾಲದಲ್ಲಿ ಚಿತ್ರ ತೋರಿಸಲು ಬಿಡದಿದ್ದರೆ ಕಲಾವಿದರು ಬದುಕುತ್ತಿದ್ದದ್ದು ಹೇಗೆ ಅಂತ ಕೇಳಿದ್ದೀರಿ. ಮಾಸ್ಕೋದ ಚಿತ್ರಕಲಾವಿದ ಆಸ್ಕರ್ ರಾಬಿನ್ ಕಥೆ ನೋಡಿ ಸರ್, ಅರ್ಧ ಉತ್ತರ ಅಲ್ಲೇ ಇದೆ.

ಕಲಾವಿದರ ಸಂಘದ ಸದಸ್ಯತ್ವ ಇಲ್ಲದಿದ್ದರೆ ಸರ್ಕಾರಿ ಗ್ಯಾಲರಿಯ ಬಾಗಿಲು ಮುಚ್ಚಿದ ಹಾಗೆಯೇ. ಬೇರೆ ಕೆಲಸವೂ ಇಲ್ಲದಿದ್ದರೆ 'ಸೋಮಾರಿ' ಅಂತ ಕೇಸು ಬೇರೆ, ಆಗ ದುಡಿಯದಿರುವುದೇ ಅಪರಾಧ! ರಾಬಿನ್ ರೈಲ್ವೆಯಲ್ಲಿ ಸರಕು ಇಳಿಸುವ ಕಡೆ ದುಡಿದರು. ವಾಸ ಮಾಸ್ಕೋ ಅಂಚಿನ ಲಿಯಾನೊಜೊವೊದ ಬ್ಯಾರಕ್ಕಿನಲ್ಲಿ. ಭಾನುವಾರ ಆ ಕೋಣೆಯೇ ಗ್ಯಾಲರಿ. ಬಂದವರ ಮುಂದೆ ಒಂದೊಂದೇ ಚಿತ್ರ ತೆಗೆದು ತೋರಿಸುವುದು, ಅಷ್ಟೇ. ವಿದೇಶಿ ರಾಯಭಾರ ಕಚೇರಿಯವರು, ಪತ್ರಕರ್ತರು ಕೊಂಡದ್ದರಿಂದ ಆಮೇಲೆ ಸ್ವಲ್ಪ ಕಾಸು ಬಂತು.

1974ರ ಸೆಪ್ಟೆಂಬರ್ 15ರಂದು ಗೆಳೆಯರ ಜೊತೆ ಮಾಸ್ಕೋದ ಖಾಲಿ ಜಾಗವೊಂದರಲ್ಲಿ ಚಿತ್ರ ಹಿಡಿದು ನಿಂತರು. ಜಿಟಿಜಿಟಿ ಮಳೆ. ಬುಲ್ಡೋಜರ್ ಬಂತು, ರಸ್ತೆ ತೊಳೆಯುವ ಲಾರಿಗಳೂ ಬಂದವು. ರಾಬಿನ್ ಬುಲ್ಡೋಜರಿಗೇ ಜೋತುಬಿದ್ದರು. ವಿದೇಶಿ ಪತ್ರಿಕೆಗಳಲ್ಲಿ ಸರ್ಕಾರದ ಮಾನ ಹೋಯಿತು ನೋಡಿ, ಎರಡೇ ವಾರದಲ್ಲಿ ಇಜ್ಮೈಲೊವೊ ಪಾರ್ಕಿನಲ್ಲಿ ನಾಲ್ಕು ಗಂಟೆ ಅನುಮತಿ ಸಿಕ್ಕಿತು.

ನನಗೆ ಜಾಸ್ತಿ ಕಾಡುವುದು ಅವರ 1972ರ 'ಪಾಸ್‌ಪೋರ್ಟ್' ಚಿತ್ರ. ತಮ್ಮದೇ ಪಾಸ್‌ಪೋರ್ಟನ್ನು ದೊಡ್ಡದಾಗಿ ಬರೆದು, ಅದರಲ್ಲಿ 'ಸತ್ತ ಸ್ಥಳ' ಅಂತಲೂ ಸೇರಿಸಿದ್ದಾರೆ. ತಮಾಷೆ ಅಲ್ವಾ? 1978ರಲ್ಲಿ ಅವರು ಪ್ಯಾರಿಸ್‌ನಲ್ಲಿದ್ದಾಗ ಸೋವಿಯತ್ ಸರ್ಕಾರ ನಿಜವಾಗಿಯೂ ಅವರ ಪೌರತ್ವ ಕಿತ್ತುಕೊಂಡಿತು. ಅಲ್ಲೇ ನೆಲೆ ನಿಂತು ಚಿತ್ರ ಬರೆಯುತ್ತಲೇ ಇದ್ದರು. ತೀರಿಕೊಂಡದ್ದು 2018ರಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ.