ಸೀಸರಹಿತ ಪೆಟ್ರೋಲ್ ಬಂದು ಇಷ್ಟು ವರ್ಷವಾದರೂ ರಸ್ತೆ ಬದಿಯ ಮಣ್ಣಿನಲ್ಲಿ ಸೀಸ ಏಕಿದೆ? ಅಲ್ಲಿ ಸೊಪ್ಪು ಬೆಳೆಯಬಹುದೇ?

ಸೀಸ ಲೋಹ, ಎಲೆಯಂತೆ ಕೊಳೆತು ಹೋಗುವುದಿಲ್ಲ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿತು, ನಿಜ. ಆದರೆ ಅದಕ್ಕೂ ಮೊದಲು ದಶಕಗಳ ಕಾಲ ಹೊಗೆಯೊಂದಿಗೆ ಬಿದ್ದ ಸೀಸ ಜೇಡಿ ಕಣಗಳಿಗೂ ಸಾವಯವ ಅಂಶಕ್ಕೂ ಬಿಗಿಯಾಗಿ ಅಂಟಿಕೊಂಡಿದೆ. ಮಳೆನೀರಿನಲ್ಲಿ ಅದು ಸುಲಭವಾಗಿ ಕೆಳಗಿಳಿಯುವುದಿಲ್ಲ. ಆದ್ದರಿಂದ ಮೇಲ್ಪದರದಲ್ಲೇ, ಅಂದರೆ ಮಕ್ಕಳ ಕೈಗೆ ಸಿಗುವ ಜಾಗದಲ್ಲೇ ಉಳಿಯುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಹೊಸ ಲೋಹಗಳು ಈಗಲೂ ಬೀಳುತ್ತಿವೆ: ಸವೆಯುವ ಟೈರಿನಿಂದ ಸತು, ಬ್ರೇಕ್‌ನಿಂದ ತಾಮ್ರ ಮತ್ತು ಆಂಟಿಮನಿ. ವಾಹನಗಳು ಪದೇ ಪದೇ ಬ್ರೇಕ್ ಹಾಕುವ ಸಿಗ್ನಲ್‌ಗಳ ಬಳಿ ಇವು ಹೆಚ್ಚು. ವಿದ್ಯುತ್ ವಾಹನಕ್ಕೂ ಟೈರ್ ಇದೆಯಲ್ಲ!

ಸೊಪ್ಪಿನ ಮಾತಿಗೆ ಬಂದರೆ, ಸೀಸ ಬೇರಿನಿಂದ ಎಲೆಗೆ ಏರುವುದು ಕಡಿಮೆ. ಎಲೆಯ ಮೇಲೆ ಕೂರುವ ಧೂಳೇ ದೊಡ್ಡ ತೊಂದರೆ. ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಕಾರಿ ಲೋಹ ಹಾಗಲ್ಲ. ಪಾಲಕ್‌ನಂಥ ಸೊಪ್ಪು ಅದನ್ನು ಸಲೀಸಾಗಿ ಹೀರುತ್ತದೆ, ತೊಳೆದರೆ ಹೋಗುವುದಿಲ್ಲ. ಮಣ್ಣು ಹುಳಿಯಾದಷ್ಟೂ ಹೀರಿಕೆ ಹೆಚ್ಚು. ಸುಣ್ಣ, ಕಾಂಪೋಸ್ಟ್ ಅದನ್ನು ತಗ್ಗಿಸುತ್ತವೆ. ರಸ್ತೆಯಿಂದ ಹತ್ತಾರು ಮೀಟರ್ ದೂರ ಹೋದರೆ ಲೋಹದ ಪ್ರಮಾಣ ಸಾಮಾನ್ಯವಾಗಿ ತೀವ್ರವಾಗಿ ಇಳಿಯುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಬೇರೆಡೆಯ ಮಣ್ಣು ತುಂಬಿದ ಕುಂಡಗಳನ್ನು ತಾರಸಿಯ ಮೇಲಿಡಿ.