ನಂಬಿದರೆ ಸಾಕು ಎನ್ನುವುದಾದರೆ ಒಳ್ಳೆಯವರಾಗಿ ಬದುಕುವುದು ಏತಕ್ಕೆ?

ನಿಮ್ಮ ಆಫೀಸಿನ ಕ್ರೈಸ್ತ ಗೆಳೆಯರೊಬ್ಬರು "ಪುಣ್ಯದ ಕೆಲಸದಿಂದ ಯಾರೂ ಉದ್ಧಾರವಾಗುವುದಿಲ್ಲ, ಯೇಸುವನ್ನು ನಂಬಿದರೆ ಮಾತ್ರ ರಕ್ಷಣೆ" ಎಂದರು. ಬುಧವಾರ ಮಾಹಿಮ್ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುವ ನಿಮ್ಮ ತಾಯಿಯ ಭಕ್ತಿಯಿಂದಲೂ ಏನೂ ಆಗದು ಎಂದರು. ಹಾಗಾದರೆ ಜೀವಮಾನವಿಡೀ ಜನರ ದುಡ್ಡು ನುಂಗಿದವನು ಸಾಯುವ ಮುಂಚೆ "ನಂಬಿದೆ" ಎಂದರೆ ಪಾರು, ಯಾರಿಗೂ ಕೇಡು ಬಗೆಯದ ಅಮ್ಮ ಹೊರಗೆ, ಇದ್ಯಾವ ನ್ಯಾಯ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಉತ್ತರ ಸ್ವಲ್ಪ ಉದ್ದವಾದೀತು.

ನಾನು ಪಾದ್ರಿಯಲ್ಲ. ಬೀದರ್ ಕಡೆಯ ಮೆಥೋಡಿಸ್ಟ್ (ಪ್ರೊಟೆಸ್ಟೆಂಟರ ಒಂದು ಪಂಗಡ) ಮನೆತನದವನು, ಮುಂಬಯಿಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತೇನೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ ಬಾಯಲ್ಲಿದೆ, ಅಕ್ಷರದಲ್ಲಿಲ್ಲ. ಬಾಯಿಪಾಠದ ವಚನಗಳನ್ನು ದೇವನಾಗರಿಯಲ್ಲಿ ಬರೆದುಕೊಡಬೇಕಾಗುತ್ತದೆ. ಆ ಮಕ್ಕಳೂ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ, ಇನ್ನೂ ನೇರವಾಗಿ ಕೇಳುತ್ತಾರೆ.

ಬೋಧನೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ 8 ಮತ್ತು 9ನೇ ವಚನಗಳಲ್ಲಿ ಆದಿ ಸಭೆಯ ಬೋಧಕ ಪೌಲನು ಹೇಳುವುದು ಇಷ್ಟು: ನಿಮಗೆ ರಕ್ಷಣೆಯಾದದ್ದು ಕೃಪೆಯಿಂದ, ನಂಬಿಕೆಯ ಮೂಲಕ; ಅದು ನಿಮ್ಮ ಸಂಪಾದನೆಯಲ್ಲ, ದೇವರು ಕೊಟ್ಟದ್ದು; ಕ್ರಿಯೆಗಳಿಂದ ಬಂದದ್ದೂ ಅಲ್ಲ, ಆದ್ದರಿಂದ ಹೊಗಳಿಕೊಳ್ಳುವುದಕ್ಕೆ ಯಾರಿಗೂ ಎಡೆಯಿಲ್ಲ. ಬಹಳ ಮಂದಿ ಇಷ್ಟಕ್ಕೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ವಚನವೇ ಹೇಳುತ್ತದೆ, ದೇವರು ನಮ್ಮನ್ನು ಕ್ರಿಸ್ತನಲ್ಲಿ ಉಂಟುಮಾಡಿದ್ದು ಒಳ್ಳೆಯ ಕೆಲಸಗಳಿಗಾಗಿಯೇ ಎಂದು. ಅಂದರೆ ಒಳ್ಳೆಯ ಕೆಲಸಕ್ಕೆ ಜಾಗವಿದೆ, ಆದರೆ ಅದನ್ನು ತೋರಿಸಿ ದೇವರ ಹತ್ತಿರ ಲೆಕ್ಕ ಕೇಳುವುದಕ್ಕಿಲ್ಲ.

9ನೇ ವಚನದ ಆ "ಹೊಗಳಿಕೊಳ್ಳುವುದು" ನನಗೆ ಬಹಳ ಮುಖ್ಯ. ಯೇಸುವಿನ ಬದುಕನ್ನು ಹೇಳುವ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ದೇವಾಲಯಕ್ಕೆ ಇಬ್ಬರು ಪ್ರಾರ್ಥನೆಗೆ ಹೋಗುತ್ತಾರೆ. ಒಬ್ಬ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು; ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲೆಲ್ಲ ಹತ್ತನೇ ಒಂದು ಪಾಲು ದೇವರಿಗೆ. ಇನ್ನೊಬ್ಬ ಸುಂಕದವನು, ತೆರಿಗೆ ವಸೂಲಿಯವನೆಂದು ಜನ ಪಾಪಿಗಳ ಸಾಲಿಗೆ ಸೇರಿಸುತ್ತಿದ್ದವನು. ಫರಿಸಾಯ ಸುಳ್ಳು ಹೇಳಿದ ಎಂದು ಯೇಸು ಎಲ್ಲೂ ಹೇಳುವುದಿಲ್ಲ. ಅವನು ನಿಜವಾಗಿಯೂ ಶಿಸ್ತಿನ ಮನುಷ್ಯ. ಆದರೆ ಅವನ ಪ್ರಾರ್ಥನೆಯೆಲ್ಲ "ನಾನು ಇವನ ಹಾಗಲ್ಲ" ಎಂಬುದರ ಮೇಲೆ ನಿಂತಿತ್ತು. "ಪಾಪಿಯಾದ ನನ್ನನ್ನು ಕರುಣಿಸು" ಎಂದಷ್ಟೇ ಹೇಳಿ ಎದೆ ಬಡಿದುಕೊಂಡ ಸುಂಕದವನು ನೀತಿವಂತನೆನಿಸಿಕೊಂಡು ಮನೆಗೆ ಹೋದ. ನಿಮ್ಮ ಗೆಳೆಯರು "ನಾನು ನಂಬಿದವನು, ನಿಮ್ಮಮ್ಮ ನಂಬದವರು" ಎಂಬ ದನಿಯಲ್ಲಿ ಮಾತಾಡಿದ್ದರೆ ಈ ಕಥೆ ಮೊದಲು ತಟ್ಟಬೇಕಾದದ್ದು ಅವರಿಗೇ.

ಇನ್ನು ನ್ಯಾಯದ ಮಾತು. ಮುಂಬಯಿಯಲ್ಲಿ ಇರುವವರಿಗೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯವನ್ನು ವಿವರಿಸಲು ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಉಪನಗರಗಳ ಎಷ್ಟೋ ನಾಕಾಗಳಲ್ಲಿ ಬೆಳಗಾಗುತ್ತಲೇ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಬುತ್ತಿ ಕಟ್ಟಿಕೊಂಡು ಕೂಲಿಗೆ ನಿಂತಿರುತ್ತಾರೆ. ಗುತ್ತಿಗೆದಾರರು ಬರುತ್ತಾರೆ, ಗಟ್ಟಿಮುಟ್ಟಾದ ಗಂಡಾಳುಗಳನ್ನು ಮೊದಲು ಕರೆದೊಯ್ಯುತ್ತಾರೆ. ಹೊತ್ತೇರಿದ ಮೇಲೂ ಅಲ್ಲೇ ಉಳಿಯುವವರು ಯಾರು? ವಯಸ್ಸಾದವರು, ಜ್ವರ ಬಿಟ್ಟೆದ್ದವರು, ಬಗಲಲ್ಲಿ ಕೂಸಿರುವ ಹೆಂಗಸರು. ಯೇಸುವಿನ ಕಥೆಯ ದ್ರಾಕ್ಷಾತೋಟದ ಯಜಮಾನ ಬೆಳಿಗ್ಗೆ ಹೋಗುತ್ತಾನೆ, ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. "ಇಡೀ ದಿನ ಸುಮ್ಮನೆ ನಿಂತಿದ್ದೀರೇಕೆ?" ಎಂದಾಗ ಅವರ ಉತ್ತರ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವರು ಸೋಮಾರಿಗಳೆಂದು ಕಥೆ ಹೇಳುವುದಿಲ್ಲ. ಸಂಜೆ ಎಲ್ಲರಿಗೂ ಒಂದೊಂದು ದಿನಾರಿ, ಆ ಕಾಲದ ಒಂದು ದಿನದ ಪೂರಾ ಕೂಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಯಜಮಾನ ಹೇಳುತ್ತಾನೆ, ನಿನಗೆ ಮಾತಾಡಿದ್ದಷ್ಟು ಕೊಟ್ಟಿದ್ದೇನೆ, ನಾನು ಉದಾರಿಯಾದದ್ದಕ್ಕೆ ನಿನಗೆ ಹೊಟ್ಟೆಕಿಚ್ಚೇ?

ಈ ಕಥೆ ಓದುವಾಗ ನಾವೆಲ್ಲರೂ ಬೆಳಿಗ್ಗೆ ಆರರ ಆಳುಗಳ ಸಾಲಿನಲ್ಲಿ ನಿಂತುಕೊಳ್ಳುತ್ತೇವೆ. ನಿಮ್ಮ ಪ್ರಶ್ನೆಯೂ ಆ ಸಾಲಿನಿಂದಲೇ ಬಂದದ್ದು: ನಾವು ಒಳ್ಳೆಯವರು, ನಮಗೆ ಸಿಗಬೇಕಾದದ್ದು ಅವನಿಗೇಕೆ? ಕ್ರೈಸ್ತ ಬೋಧನೆಯ ಪ್ರಕಾರ ನಾವೆಲ್ಲರೂ ಐದು ಗಂಟೆಯವರು. ಇದು ಒಪ್ಪಲು ಕಷ್ಟದ ಮಾತು ಎಂದು ನನಗೆ ಗೊತ್ತಿದೆ, ನನ್ನ ಮಟ್ಟಿಗಂತೂ ಇದನ್ನು ಒಪ್ಪದೆ ಸುವಾರ್ತೆಗೆ ಅರ್ಥವೇ ಇಲ್ಲ.

ಆದರೆ ಜನರ ದುಡ್ಡು ನುಂಗಿದವನು? ಇಲ್ಲಿ ನಾನು ಬಿಗಿಯಾಗಿ ನಿಲ್ಲುತ್ತೇನೆ. ಒಬ್ಬ ಮನುಷ್ಯ ಚಾಳಿನ ಹೆಂಗಸರ ಭಿಶಿ (ಚೀಟಿ) ಹಣ ಎತ್ತಿಕೊಂಡು ಓಡಿಹೋಗಿ, ಆಮೇಲೆ ಸಭೆಯ ಮುಂದೆ ನಿಂತು "ಕರ್ತನು ನನ್ನನ್ನು ಕ್ಷಮಿಸಿದ" ಎಂದು ಸಾಕ್ಷಿ ಹೇಳಿದರೆ, ಹೆಂಗಸರ ಹಣ ಎಲ್ಲಿ ಎಂದು ಸಭೆ ಕೇಳಲೇಬೇಕು. ಲೂಕನ 19ನೇ ಅಧ್ಯಾಯದ ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸು ಅವನಿಗೆ ಮೊದಲು ಹಣ ವಾಪಸು ಮಾಡು ಎನ್ನಲಿಲ್ಲ. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲೇ ಇಳಿಯಬೇಕು ಎಂದ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಜಕ್ಕಾಯನೇ ಆಮೇಲೆ ಎದ್ದು ನಿಂತು ಹೇಳಿದ. ಕೃಪೆ ಮೊದಲು ಬಂತು, ಅದು ಬಂದ ಮನೆಯಲ್ಲಿ ದುಡ್ಡು ತಿಜೋರಿಯಲ್ಲಿ ಉಳಿಯಲಿಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಏನನ್ನೂ ಹಿಂತಿರುಗಿಸುವ ಸಮಯವಿರಲಿಲ್ಲ, ನಿಜ. ಅವನೂ "ನಮಗೆ ಆಗುತ್ತಿರುವುದು ನ್ಯಾಯವೇ" ಎಂದು ಒಪ್ಪಿಕೊಂಡ ಮೇಲೆಯೇ "ನನ್ನನ್ನು ನೆನಸಿಕೋ" ಎಂದದ್ದು. ಕೊನೆಗಳಿಗೆಯಲ್ಲಿ ನಂಬಿದರಾಯಿತು ಎಂದು ಈಗಲೇ ಲೆಕ್ಕ ಹಾಕಿಟ್ಟುಕೊಂಡವನಿಗೆ ಆ ಕಳ್ಳನ ಕಥೆಯಲ್ಲಿ ಆಸರೆಯಿಲ್ಲ.

ಬೈಬಲಿನಲ್ಲೇ ಇರುವ ಯಾಕೋಬನ ಪತ್ರಿಕೆ ಇದನ್ನೇ ಖಾರವಾಗಿ ಹೇಳುತ್ತದೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಬಟ್ಟೆಯಿಲ್ಲದ, ಅಂದಿನ ಊಟವಿಲ್ಲದ ಸಹೋದರನಿಗೆ "ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ" ಎಂದು ಬರಿಗೈಯಲ್ಲಿ ಕಳುಹಿಸಿದರೆ ಆ ನಂಬಿಕೆ ಸತ್ತದ್ದು. ಪೌಲ ಒಂದು ಹೇಳುತ್ತಾನೆ, ಯಾಕೋಬ ಇನ್ನೊಂದು ಹೇಳುತ್ತಾನೆ ಎಂಬ ವಾದ ಹಳೆಯದು. ದೇವರ ಮುಂದೆ ಪುಣ್ಯದ ಲೆಕ್ಕ ಒಪ್ಪಿಸುವವನಿಗೆ ಪೌಲ ಉತ್ತರಿಸುತ್ತಿದ್ದ, ಬಾಯಿಮಾತಿನ ನಂಬಿಕೆಯಲ್ಲೇ ಕೈಕಟ್ಟಿ ಕುಳಿತವನಿಗೆ ಯಾಕೋಬ. ಇಬ್ಬರೂ ಕೊಡುವ ಉದಾಹರಣೆ ಯೆಹೂದ್ಯರ ಮೂಲಪುರುಷ ಅಬ್ರಹಾಮನೇ.

ಈಗ ನನಗೆ ನಿಜವಾಗಿ ಸಂಕಟ ಕೊಡುವ ವಿಷಯಕ್ಕೆ ಬರುತ್ತೇನೆ. ನೀವು ಕೇಳದಿದ್ದರೂ ಇದನ್ನು ಬರೆಯದೆ ಉತ್ತರ ಪೂರ್ತಿಯಾಗದು. "ನಂಬಿದರೆ ಸಾಕು" ಎಂಬ ಮಾತನ್ನು ಕ್ರೈಸ್ತರೇ ಕೆಡಿಸುವ ಬಗೆ ಒಂದಿದೆ, ನಂಬಿಕೆಯನ್ನೇ ಒಂದು ದುಡಿಮೆ ಮಾಡಿಬಿಡುವುದು. ನಮ್ಮ ಪರಿಚಯದ ಒಬ್ಬ ಅಕ್ಕನ ಗಂಡ ಬಹಳ ದಿನ ಕಾಯಿಲೆ ಮಲಗಿ ತೀರಿಕೊಂಡರು. ಮನೆಗೆ ಪ್ರಾರ್ಥನೆಗೆಂದು ಬರುತ್ತಿದ್ದ ಒಂದು ಗುಂಪಿನವರು ಆಕೆಗೆ ಹೇಳಿದ್ದು: "ನಿಮಗೆ ನಂಬಿಕೆ ಸಾಲದಾಯಿತು, ಇಲ್ಲದಿದ್ದರೆ ಗುಣವಾಗುತ್ತಿತ್ತು." ಗಂಡನನ್ನು ಕಳೆದುಕೊಂಡ ದುಃಖದ ಮೇಲೆ ಅವನನ್ನು ಕೊಂದವಳು ನಾನೇ ಎಂಬ ಭಾರವನ್ನೂ ಹೊರಿಸಿ ಹೋದರು. ಆಕೆ ಎಷ್ಟೋ ಕಾಲ ಆರಾಧನೆಗೇ ಬರಲಿಲ್ಲ. ಇದು ಸುವಾರ್ತೆಯಲ್ಲ. ಕ್ರಿಯೆಗಳ ತಕ್ಕಡಿಯನ್ನು ತೆಗೆದಿಟ್ಟು ನಂಬಿಕೆಯ ತಕ್ಕಡಿ ನೇತುಹಾಕಿದರೆ ಕೃಪೆ ಎಲ್ಲಿ ಉಳಿಯಿತು? ಇಷ್ಟು ದಿನ ಉಪವಾಸವಿದ್ದರೆ ಮಗನಿಗೆ ಗಲ್ಫ್ ವೀಸಾ, ಇಷ್ಟು ಕಾಣಿಕೆ ಹಾಕಿದರೆ ಸ್ವಂತ ಮನೆ ಎನ್ನುವುದೂ ಇದೇ ಜಾತಿಯದು. ಇಂಥವರು ಮಾಹಿಮಿನ ಮೇಣದಬತ್ತಿಯನ್ನು ಹೀಗಳೆಯುವುದನ್ನು ಕೇಳಿದಾಗ ನನಗೆ ತಡೆಯಲಾಗುವುದಿಲ್ಲ.

ಮಾರ್ಕನ 9ನೇ ಅಧ್ಯಾಯದಲ್ಲಿ ಮೂರ್ಛೆ ಬೀಳುವ ಹುಡುಗನ ತಂದೆ ಯೇಸುವಿಗೆ ಹೇಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ನೀನೇ ಸಹಾಯಮಾಡು. ಅರ್ಧ ನಂಬಿಕೆ, ಅರ್ಧ ಅನುಮಾನ, ಕಣ್ಣೆದುರಿಗೆ ನರಳುತ್ತಿರುವ ಮಗ. ಆ ಪ್ರಾರ್ಥನೆಗೆ ಯೇಸು "ಇನ್ನಷ್ಟು ನಂಬಿ ಬಾ" ಎನ್ನದೆ ಹುಡುಗನನ್ನು ಗುಣಪಡಿಸಿದ. ನಂಬಿಕೆಗೆ ತನ್ನದೇ ಆದ ಬಲವಿಲ್ಲ, ಯಾರನ್ನು ನಂಬಿದ್ದೇವೋ ಅವನಲ್ಲಿದೆ ಬಲ. ಆ ಅಕ್ಕನಿಗೆ ನಾನು ಓದಿ ಹೇಳಿದ್ದು ಈ ಭಾಗವನ್ನೇ. ಗಂಡ ಗುಣವಾಗಲಿಲ್ಲವೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ, ಇದೆ ಎಂದು ನಾನೂ ಹೇಳಲಿಲ್ಲ. ನಿನ್ನ ನಂಬಿಕೆ ಅಳೆದು ದೇವರು ಅವರನ್ನು ಕಸಿದುಕೊಳ್ಳಲಿಲ್ಲ ಎಂದಷ್ಟೇ ಹೇಳಿದೆ.

ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇನೆ. ಪಾಪದ ದಂಡನೆ ಕಡಿಮೆಯಾಗುತ್ತದೆಂದು ಹಣಕ್ಕೆ ಪತ್ರ ಕೊಡುತ್ತಿದ್ದುದನ್ನು ಪ್ರಶ್ನಿಸಿ 1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ 95 ವಾದಗಳನ್ನು ಮುಂದಿಟ್ಟದ್ದು ನಿಮಗೆ ಶಾಲೆಯ ಪಾಠದಿಂದ ನೆನಪಿರಬಹುದು. ರಕ್ಷಣೆ ನಂಬಿಕೆಯೊಂದರಿಂದಲೇ ಎಂದು ಅವನು ಪಟ್ಟು ಹಿಡಿದ. ಕಥೊಲಿಕ ಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಉತ್ತರಿಸಿತು. ಕೃಪೆಯಿಲ್ಲದೆ ತನ್ನ ಕ್ರಿಯೆಗಳಿಂದಲೇ ಯಾರೂ ನೀತಿವಂತನಾಗಲಾರ ಎಂದು ಅದೂ ಹೇಳಿತು. ಆದರೆ ಮನುಷ್ಯ ಆ ಕೃಪೆಯೊಂದಿಗೆ ಸಹಕರಿಸಬೇಕು, ನಂಬಿಕೆಯೊಂದೇ ಸಾಲದು ಎಂದು ಸೇರಿಸಿತು. ನಾನೂರು ವರ್ಷಕ್ಕೂ ಮಿಕ್ಕಿ ಜಗಳಾಡಿದ ಮೇಲೆ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೊಲಿಕ ಸಭೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯೊಂದರಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮನ್ನು ಒಳ್ಳೆಯ ಕೆಲಸಗಳಿಗೆ ಕರೆಯುತ್ತಾನೆ. 2006ರಲ್ಲಿ ವಿಶ್ವ ಮೆಥೋಡಿಸ್ಟ್ ಮಂಡಳಿಯೂ ಇದಕ್ಕೆ ಸೇರಿತು. ಎಲ್ಲ ಲೂಥರನ್ ಸಭೆಗಳೂ ಒಪ್ಪಿಲ್ಲ, ಭಿನ್ನಮತಗಳೆಲ್ಲ ತೀರಿಲ್ಲ. ಆದರೂ "ಕಥೊಲಿಕರು ಪುಣ್ಯ ಕೊಂಡುಕೊಳ್ಳುವವರು" ಎಂದು ಈಗಲೂ ಹೇಳುತ್ತಾ ತಿರುಗುವುದು ಸತ್ಯವಲ್ಲ.

ನಮ್ಮ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಈ ಕೃಪೆಯ ಭರವಸೆ ಹುಟ್ಟಿತು. ಅಲ್ಲಿ ಓದುತ್ತಿದ್ದುದು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ. ಅದರಿಂದ ಅವರು ಕೈಕಟ್ಟಿ ಕೂರಲಿಲ್ಲ. 1791ರಲ್ಲಿ, ಸಾಯುವುದಕ್ಕೆ ಕೆಲವೇ ದಿನ ಮುಂಚೆ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಎದೆಗುಂದಬೇಡ ಎಂದು ಪತ್ರ ಬರೆದರು. ರಕ್ಷಣೆ ಪುಕ್ಕಟೆಯಾದರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರಿಗೆ ನಾನು ತೋರಿಸುವುದು ಈ ಮನುಷ್ಯನನ್ನು.

ಇನ್ನು ನಿಮ್ಮ ತಾಯಿ. ಮಾಹಿಮಿನ ಸೇಂಟ್ ಮೈಕಲ್ ಚರ್ಚಿನ ಬುಧವಾರದ ನೊವೇನಾಕ್ಕೆ (ವಿಶೇಷ ಪ್ರಾರ್ಥನೆಗೆ) ಹಿಂದೂಗಳು, ಮುಸ್ಲಿಮರು ಎಷ್ಟೋ ಜನ ಹೋಗುತ್ತಾರೆ. ಮೇಣದಲ್ಲಿ ಮಾಡಿದ ಮನೆ, ಕೈ, ಕಾಲು, ಕೂಸು ಅರ್ಪಿಸುತ್ತಾರೆ. ನಾವು ಪ್ರೊಟೆಸ್ಟೆಂಟರು ಇದನ್ನು ಮಾಡುವುದಿಲ್ಲ, ಯೇಸುವಿನ ತಾಯಿ ಮರಿಯಳ ಮೂಲಕ ಬೇಡುವುದನ್ನೂ ಒಪ್ಪುವುದಿಲ್ಲ. ಆದರೆ ಕಥೊಲಿಕ ಬೋಧನೆಯಲ್ಲೂ ಆ ಮೇಣದಬತ್ತಿ ರಕ್ಷಣೆಯ ಬೆಲೆಯಲ್ಲ, ಬೇಡಿಕೆ. ಮಗುವಿಗೆ ಹುಷಾರಿಲ್ಲವೆಂದು ಹೋದ ತಾಯಿ ಸ್ವರ್ಗ ಕೊಳ್ಳಲು ಹೋದವಳಲ್ಲ.

ಕ್ರಿಸ್ತನನ್ನು ಒಪ್ಪಿಕೊಳ್ಳದ ಒಳ್ಳೆಯವರ ಗತಿ ಏನು ಎಂಬಲ್ಲಿ ಕ್ರೈಸ್ತರು ಒಂದೇ ಮಾತಾಡುವುದಿಲ್ಲ. ಬೇರೆ ಯಾರಿಂದಲೂ ರಕ್ಷಣೆಯಿಲ್ಲ ಎಂದು ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿದೆ, ಅದನ್ನು ನಾನು ನಂಬುತ್ತೇನೆ. ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕುವವರೂ ಕೃಪೆಯಿಂದ ರಕ್ಷಣೆ ಹೊಂದಬಹುದು ಎಂದು 1964ರಲ್ಲಿ ಕಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಅನೇಕ ಪ್ರೊಟೆಸ್ಟೆಂಟರು ಅಷ್ಟು ದೂರ ಹೋಗುವುದಿಲ್ಲ. ರಕ್ಷಣೆ ಕ್ರಿಸ್ತನಿಂದಲೇ, ಆದರೆ ಅವನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಗೆರೆ ಎಳೆಯುವ ಅಧಿಕಾರ ನನಗಿಲ್ಲ ಎಂಬುದು ನನ್ನ ನಿಲುವು. "ರಕ್ಷಣೆ ಹೊಂದುವವರು ಸ್ವಲ್ಪ ಮಂದಿಯೋ?" ಎಂದು ಒಬ್ಬ ಕೇಳಿದಾಗ ಯೇಸು ಎಣಿಕೆ ಹೇಳದೆ, ನೀವು ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಲು ಹೆಣಗಿರಿ ಎಂದು ಕೇಳಿದವರ ಕಡೆಗೇ ತಿರುಗಿಸಿದ. ನಿಮ್ಮ ಗೆಳೆಯರು ನಿಮ್ಮ ತಾಯಿಯ ಬಗ್ಗೆ ತೀರ್ಪು ಕೊಟ್ಟದ್ದು ಅವರಿಗೆ ಕೊಡದೇ ಇದ್ದ ಕೆಲಸ.

ನೀವೇ ಓದಿ ನೋಡುವುದಾದರೆ ಲೂಕ 15, 18, 19 ಮೊದಲು, ಆಮೇಲೆ ರೋಮಾಪುರದವರಿಗೆ 3ರಿಂದ 6, ಕೊನೆಗೆ ಯಾಕೋಬ 2. ರೋಮಾಪುರದ 6ನೇ ಅಧ್ಯಾಯದ ಮೊದಲೆರಡು ವಚನಗಳಲ್ಲಿ, ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಮುಂದುವರಿಯೋಣವೇ ಎಂದು ಪೌಲನೇ ನಿಮ್ಮ ಪ್ರಶ್ನೆಯನ್ನು ಎತ್ತಿಕೊಂಡು, ಎಂದಿಗೂ ಇಲ್ಲ ಎಂದು ಉತ್ತರ ಕೊಡುತ್ತಾನೆ. ಬೈಬಲ್ ಸೊಸೈಟಿಯ ಹಳೆಯ ಕನ್ನಡ ಸತ್ಯವೇದದ ಭಾಷೆ ಕೆಲವರಿಗೆ ತೊಡಕಾಗುತ್ತದೆ, ಹೊಸ ಅನುವಾದ ತೆಗೆದುಕೊಳ್ಳಿ. ತಾಯಿಯವರಿಗೆ ಓದಿ ಹೇಳುವಿರಾದರೆ ಪೌಲನ ಪತ್ರಿಕೆಗಳನ್ನು ಆಮೇಲಿಗಿಟ್ಟು ತಪ್ಪಿಹೋದ ಮಗನನ್ನು ತಂದೆ ಅಪ್ಪಿಕೊಳ್ಳುವ ಕಥೆಯಿರುವ ಲೂಕನ 15ರಿಂದ ಶುರುಮಾಡಿ.